ಹೊಗಳಿಕೆಗೊಂದು ದೃಷ್ಟಿಬೊಟ್ಟು

ಎಪ್ಪತ್ತರ ದಶಕದ ನಡುವಿನ ವರ್ಷಗಳಲ್ಲಿ ಹೆಬ್ಬಾಳದ ಕಡೆಯ ಆ ಕಾಲೇಜಿನಿಂದ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವವರು ಎಷ್ಟು ಹೆಚ್ಚಿದ್ದರೆಂದರೆ, ಕ್ಯಾಂಟೀನಿನ ಅಡುಗೆ ಭಟ್ಟರಿಗೂ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆ ಅಂದರೆ ಏನೆಂದು ಗೊತ್ತಿತ್ತು. ಅರ್ಜಿಗೆ ಅಂಕಪಟ್ಟಿ ಬೇಕು, ಪರೀಕ್ಷೆ ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಗುರುಗಳ ಶಿಫಾರಸು ಪತ್ರ ಬೇಕು. ಆ ಪತ್ರವನ್ನು ಪಡೆಯುವುದಕ್ಕೂ ಒಂದು ಪದ್ಧತಿಯಿತ್ತು. ವಿದ್ಯಾರ್ಥಿ ಹೋಗಿ ತಲೆ ಕೆರೆದುಕೊಂಡು ನಿಂತರೆ ಗುರುಗಳು, ನೀನೇ ಬರ್ಕೊಂಡು ಬಾರಯ್ಯ, ಸೈನ್ ಹಾಕ್ತೀನಿ, ಎನ್ನುವರು. ಅವನು ತನ್ನ ಬಗ್ಗೆ ತಾನೇ 'ನನ್ನ ಅನುಭವದಲ್ಲಿ ಇಂಥ ಪ್ರತಿಭಾವಂತನನ್ನು ಕಂಡಿಲ್ಲ' ಎಂದು ಟೈಪು ಮಾಡಿಸಿ, ನಾಚಿಕೊಂಡು ಒಯ್ದರೆ, ಅವರು ಅದನ್ನು ಸ್ಕೂಟರಿನ ಸೀಟಿನ ಮೇಲಿಟ್ಟು ರುಜು ಹಾಕಿ ಮನೆಗೆ ಹೊರಡುವರು. ಹೀಗಾಗಿ ಒಬ್ಬರೇ ಗುರುಗಳು ಒಂದೇ ವರ್ಷದಲ್ಲಿ ತಾವು ಹಿಂದೆಂದೂ ಕಂಡಿರದ ಪ್ರತಿಭಾವಂತರನ್ನು ಡಜನ್ ಲೆಕ್ಕದಲ್ಲಿ ಕಂಡದ್ದುಂಟು.

ಈ ಪದ್ಧತಿಗೆ ಸೇರದಿದ್ದವರು ಶಿವಶರಣಪ್ಪನವರು ಒಬ್ಬರೇ. ಗಿಡಗಳ ರೋಗದ ಶಾಸ್ತ್ರ ಅವರ ವಿಷಯ, ಇಂಗ್ಲಿಷ್ ಅವರ ವ್ಯಸನ. ಆಳಂದದ ಕಡೆಯ ಹಳ್ಳಿಯಿಂದ ಬಂದು, ಆ ಭಾಷೆಯನ್ನು ಅದನ್ನಾಡುವವರಿಗಿಂತ ತಡವಾಗಿ, ಆದರೆ ಅವರಿಗಿಂತ ಹೆಚ್ಚು ಭಕ್ತಿಯಿಂದ ಕಲಿತವರು. ಆರ್.ಟಿ. ನಗರದ ಮನೆಯಲ್ಲಿ ಸ್ವಂತದ ಟೈಪ್‌ರೈಟರ್ ಇತ್ತು. ಪತ್ರ ಕೇಳಲು ಬಂದ ಹತ್ತು ಮಂದಿಯಲ್ಲಿ ಎಂಟು ಮಂದಿಯನ್ನು ಅವರು ವಾಪಸು ಕಳಿಸುವರು. ಉಳಿದಿಬ್ಬರಿಗೆ ತಾವೇ ಕೂತು, ಒಂದೊಂದು ವಾಕ್ಯವನ್ನೂ ಸಕ್ಕರೆ ಪಾಕದ ಎಳೆ ನೋಡುವಂತೆ ಎತ್ತಿ ನೋಡಿ ಬರೆಯುವರು. ಅವರ ಪತ್ರವೆಂದರೆ ಅಲ್ಲಿ ತೂಕವಿದೆ ಎಂಬ ಮಾತು ಹಾಸ್ಟೆಲಿನಲ್ಲಿ ಹಬ್ಬಿತ್ತು. ಅದು ಅವರ ಕಿವಿಗೂ ಬಿದ್ದಿತ್ತು, ಮತ್ತು ಬಿದ್ದಲ್ಲೇ ಸುಖವಾಗಿ ಕೂತಿತ್ತು.

ಹಾಗೆಂದು ಅವರು ಹೊಗಳುವ ಜಾತಿಯವರೇನಲ್ಲ. ಕಾಗದದ ಮೇಲೆ ಹೇಗೋ ಏನೋ, ಎದುರಿಗೆ ಯಾರಿಗೂ ಒಂದು ಒಳ್ಳೆಯ ಮಾತು ಹೇಳಿದ್ದನ್ನು ಕೇಳಿದವರಿಲ್ಲ. 'ಅಡ್ಡಿಯಿಲ್ಲ' ಎಂದರೆ ಅದು ಅವರ ಚಿನ್ನದ ಪದಕ. ಅದನ್ನು ಪಡೆದವನು ಆ ದಿನ ಸ್ನೇಹಿತರಿಗೆ ಮಸಾಲೆದೋಸೆ ಕೊಡಿಸುತ್ತಿದ್ದ.

ದ್ರೌಪದಮ್ಮ ಆ ಅಡ್ಡಿಯಿಲ್ಲವನ್ನು ಎರಡು ಸಲ ಪಡೆದವಳು. ಬಾಗಲೂರಿನ ದ್ರಾಕ್ಷಿ ತೋಟದ ಮುನಿಯಲ್ಲಪ್ಪನ ಮಗಳು. ಹುಡುಗಿಗೆ ಅಜ್ಜಿಯ ಹೆಸರಿಟ್ಟಿದ್ದರು. ಹಾಜರಿ ಕೂಗುವಾಗ ಹೊಸಬರು ಯಾರೋ ವಯಸ್ಸಾದ ಹೆಂಗಸು ಎದ್ದುನಿಲ್ಲುತ್ತಾರೆಂದು ನಿರೀಕ್ಷಿಸಿ, ಎರಡು ಜಡೆಯ ಕಡ್ಡಿಯಂಥ ಹುಡುಗಿಯನ್ನು ಕಂಡು ನಗುತ್ತಿದ್ದರು. ನಗು ಮುಗಿಯುವುದರೊಳಗೆ ಅವಳು ಒಂದು ಪ್ರಶ್ನೆ ಕೇಳಿರುತ್ತಿದ್ದಳು. ಅವಳ ಬಾಯಿಗೆ ಬಿಡುವೆಂಬುದಿರಲಿಲ್ಲ. ಪಾಠದ ನಡುವೆ ಕೇಳುವಳು, ಪಾಠ ಮುಗಿದ ಮೇಲೆ ಕಾರಿಡಾರಿನಲ್ಲಿ ಜೊತೆಗೆ ನಡೆಯುತ್ತ ಕೇಳುವಳು, ಶಿವಶರಣಪ್ಪನವರು ತಪ್ಪಿಸಿಕೊಳ್ಳಲು ಸ್ಟಾಫ್ ರೂಮಿಗೆ ನುಗ್ಗಿದರೆ ಕಿಟಕಿಗೆ ಬಂದು, "ಇನ್ನೊಂದೇ ಒಂದು ಸಾ," ಎನ್ನುವಳು. ಅದು ಎಂದೂ ಒಂದಾಗಿರುತ್ತಿರಲಿಲ್ಲ. ಬಾಗಲೂರಿನ ಬಸ್ಸಿನಲ್ಲಿ ಅವಳ ಮಾತು ಕೇಳಿ ಕೇಳಿ, ದ್ರಾಕ್ಷಿಯ ಬೂಜುರೋಗ ಎಲೆಯ ಕೆಳಮೈಯಲ್ಲಿ ಮೊದಲು ಕಾಣುತ್ತದೆ ಎಂಬುದು ಕಂಡಕ್ಟರಿಗೂ ಬಾಯಿಪಾಠವಾಗಿತ್ತಂತೆ.

ಆ ಬೂಜುರೋಗವೇ ಅವಳ ಸಂಶೋಧನೆ. ಒಮ್ಮೆ ಶಿವಶರಣಪ್ಪನವರು ಅವಳ ತೋಟದ ಸಾಲುಗಳನ್ನು ನೋಡಲೆಂದು ಬಾಗಲೂರಿಗೆ ಹೋಗಿದ್ದರು. ತೋಟದ ಮೂಲೆಯಲ್ಲಿ, ಚಪ್ಪರದ ಕಂಬಕ್ಕೆ, ಸುಣ್ಣ ಬಳಿದು ಕಣ್ಣು ಮೂಗು ಬರೆದ ಮಡಕೆಯೊಂದನ್ನು ಬೋರಲು ಕಟ್ಟಿದ್ದರು. ಫಸಲು ಚೆನ್ನಾಗಿದ್ದಾಗ ಹಾದುಹೋಗುವವರ ಕಣ್ಣು ಮೊದಲು ಆ ಮಡಕೆಯ ಮೇಲೆ ಬೀಳಲಿ ಎಂದು. ಅವರು ಅದನ್ನು ನೋಡಿ ತುಟಿಯಂಚಿನಲ್ಲಿ ನಕ್ಕರು. ದ್ರೌಪದಮ್ಮ ಅದನ್ನು ಗಮನಿಸಿ, "ಅಪ್ಪಂದು ಸಾ ಅದು, ನಂದಲ್ಲ," ಎಂದಳು. ಅಷ್ಟು ಹೊತ್ತಿಗೆ ಸುತ್ತಲ ತೋಟದವರು ನಾಲ್ಕಾರು ಜನ ಬಂದು ನಿಂತಿದ್ದರು. ಮೇಷ್ಟ್ರು ಬಂದಿದ್ದಾರೆ, ಏನೋ ಹೇಳುತ್ತಾರೆ ಎಂದು. ಮೇಷ್ಟ್ರು ತಮ್ಮ ಆಳಂದದ ಕನ್ನಡಕ್ಕೆ ಇಂಗ್ಲಿಷ್ ಬೆರೆಸಿ ಶಿಲೀಂಧ್ರದ ಜೀವನಚರಿತ್ರೆ ಶುರುಮಾಡಿದರು. ಜನ ವಿನಯದಿಂದ ಆಕಾಶ ನೋಡತೊಡಗಿದರು. ಆಗ ಈ ಹುಡುಗಿ ಒಂದು ಎಲೆ ಕಿತ್ತು, ಮಗುಚಿ, ಒಬ್ಬೊಬ್ಬರ ಮೂಗಿನ ಕೆಳಗೆ ಹಿಡಿದು, ರೋಗ ಇರುವುದು ಇಲ್ಲಿ, ಔಷಧಿ ಬೀಳಬೇಕಾದ್ದೂ ಇಲ್ಲೇ, ಎಂದು ಹೇಳತೊಡಗಿದಳು. ಅರ್ಧ ಗಂಟೆ ಯಾರೂ ಅಲ್ಲಾಡಲಿಲ್ಲ. ಮುನಿವೆಂಕಟಯ್ಯ ಎಂಬ ಮುದುಕ, ಸರ್ಕಾರದವರು ಏನು ಹೇಳಿದರೂ ತಲೆಯಾಡಿಸಿ ಏನನ್ನೂ ಮಾಡದೆ ಬಂದವನು, ಕೊನೆಗೆ ಕೇಳಿದ: "ಅಂಗಾರೆ ಇಷ್ಟು ದಿನ ನಾನು ಔಸ್ದಿ ಹೊಡೀತಿದ್ದುದ್ದು ಗಿಡಕ್ಕಲ್ಲ, ಆಕಾಸಕ್ಕೆ ಅನ್ನು."

ಮರಳಿ ಬರುವಾಗ ಬಸ್ಸಿನಲ್ಲಿ ಶಿವಶರಣಪ್ಪನವರಿಗೆ ಅನಿಸಿದ್ದು ಇಷ್ಟು: ತಮ್ಮ ಇಪ್ಪತ್ತು ವರ್ಷದ ಪಾಠದಲ್ಲಿ ಯಾರೂ ತಮ್ಮ ಮಾತನ್ನು ಹಾಗೆ ಕಿವಿಗೊಟ್ಟು ಕೇಳಿಲ್ಲ. ಹುಡುಗಿಗೆ ಹೇಳಿದ್ದು ಮಾತ್ರ, "ಅಡ್ಡಿಯಿಲ್ಲ."

ಎಪ್ಪತ್ತಾರರ ಕೊನೆಗೆ ಅವಳು ಅಮೆರಿಕದ ಮೂರು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದಳು. ಸೀಟು ಸಿಕ್ಕರೆ ಸಾಲದು, ಅಸಿಸ್ಟೆಂಟ್‌ಶಿಪ್ ಸಿಗಬೇಕಿತ್ತು. ಅಂದರೆ ಅಲ್ಲಿಯವರು ಒಂದಿಷ್ಟು ಕೆಲಸ ಕೊಟ್ಟು, ಅದಕ್ಕೆ ಸಂಬಳ ಕೊಟ್ಟು, ಫೀಜು ಮನ್ನಾ ಮಾಡಿ ಓದಿಸುವ ಏರ್ಪಾಟು. ಅದಿಲ್ಲದೆ ದ್ರಾಕ್ಷಿ ತೋಟವನ್ನು ಬೇರು ಸಮೇತ ಮಾರಿದರೂ ವಿಮಾನ ಹತ್ತುವುದು ಸಾಧ್ಯವಿರಲಿಲ್ಲ. ಮುನಿಯಲ್ಲಪ್ಪ ಒಂದು ಬುಟ್ಟಿ ದ್ರಾಕ್ಷಿ ಹೊತ್ತು ಆರ್.ಟಿ. ನಗರಕ್ಕೆ ಬಂದ. ಕುರ್ಚಿಯ ತುದಿಯಲ್ಲಿ ಕೂತು, ಬಂದ ಗಂಡುಗಳನ್ನೆಲ್ಲ ಹೇಗೋ ಮುಂದಕ್ಕೆ ತಳ್ಳುತ್ತಿರುವುದಾಗಿಯೂ, ನೆಂಟರ ಬಾಯಿಯನ್ನು ಈ ಒಂದು ವರ್ಷ ಮುಚ್ಚಿಸಬಲ್ಲನೇ ಹೊರತು ಇನ್ನೊಂದು ವರ್ಷ ಆಗದೆಂದೂ ಹೇಳಿದ. ಆಮೇಲೆ ದನಿ ತಗ್ಗಿಸಿ ಕೇಳಿದ:

"ಮಗು ಬೋ ಆಸೆ ಮಡಿಕಂಡದೆ ಸ್ವಾಮಿ. ನೀವು ಬರದ್ರೆ ಆಯ್ತದೆ ಅಂತದೆ. ಆಯ್ತದಾ?"

ಶಿವಶರಣಪ್ಪನವರು ಆಗುತ್ತದೆ ಎನ್ನಲಿಲ್ಲ, ಅವರು ಹಾಗೆಲ್ಲ ಅನ್ನುವವರಲ್ಲ. "ಬರೀತೀನಿ, ನೋಡೂಣು," ಎಂದರು. ಆದರೆ ಮನಸ್ಸಿನಲ್ಲಿ ಆ ಪತ್ರ ಅಷ್ಟರಲ್ಲೇ ಅರ್ಧ ಬರೆದಾಗಿತ್ತು.

ಅದನ್ನು ಬರೆದದ್ದು ಒಂದು ಭಾನುವಾರ ಮಧ್ಯಾಹ್ನ. ಬರೆಯುತ್ತ ಹೋದಂತೆ ಅವರಿಗೆ ಒಂದು ವಿಚಿತ್ರ ಸುಖ ಹತ್ತಿತು. ಇಷ್ಟು ದಿನ ಬಾಯಲ್ಲಿ ಹೇಳದೆ ಉಳಿಸಿಕೊಂಡದ್ದೆಲ್ಲ ಬೆರಳಿನಿಂದ ಇಳಿದು ಬರುತ್ತಿತ್ತು. ಇವಳ ಕಣ್ಣು ಎಲ್ಲರೂ ನೋಡಿದ್ದರಲ್ಲಿ ಯಾರೂ ಕಾಣದ್ದನ್ನು ಕಾಣುತ್ತದೆ ಎಂದು ಬರೆದರು. ತನ್ನ ತಪ್ಪನ್ನು ತಾನೇ ಕಂಡುಹಿಡಿದಾಗ ಇವಳು ಸಂತೋಷಪಡುವುದನ್ನು ನೋಡಿದ್ದೇನೆ, ಇದು ನನ್ನಲ್ಲಿ ಇಲ್ಲದ ಗುಣ, ಎಂದು ಬರೆದರು. ನಾನು ಇವಳಿಗೆ ಕಲಿಸಿದ್ದಕ್ಕಿಂತ ಹೆಚ್ಚನ್ನು ಇವಳ ಪ್ರಶ್ನೆಗಳು ನನಗೆ ಕಲಿಸಿವೆ ಎಂದು ಬರೆದು, ಅದನ್ನು ಹೊಡೆದುಹಾಕಿ, ಹೊಸ ಹಾಳೆ ಏರಿಸಿ ಮತ್ತೆ ಬರೆದರು. ಮುಗಿಸಿ ಹಾಳೆ ಎತ್ತಿ ಹಿಡಿದಾಗ ಇಡೀ ಪುಟದಲ್ಲಿ ಒಂದು ಕಲೆಯಿರಲಿಲ್ಲ.

ಪಡಸಾಲೆಯಲ್ಲಿ ಹೆಂಡತಿ ರತ್ನಕ್ಕ ಪಕ್ಕದ ಮನೆಯ ಫಖ್ರುನ್ನೀಸಾಳ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಕಾಡಿಗೆ ಹಚ್ಚುತ್ತಿದ್ದರು. ಆ ಕೂಸು ಬೆಣ್ಣೆಯ ಮುದ್ದೆಯಂತಿತ್ತು. ಅದರ ತಾಯಿ, ನಜರ್ ಆಗ್ತದೆ ಅಕ್ಕಾ, ಸ್ವಲ್ಪ ದೊಡ್ಡದೇ ಇಡಿ, ಎನ್ನುತ್ತಿದ್ದಳು. ರತ್ನಕ್ಕ ಕೆನ್ನೆಯ ಮೇಲೆ ಒಂದು ಬೊಟ್ಟಿಟ್ಟು, ಸಾಲದೆಂದು ಅಂಗಾಲಿಗೂ ಒಂದು ಇಟ್ಟರು. ಶಿವಶರಣಪ್ಪನವರು ಪತ್ರ ತಂದು ಕನ್ನಡದಲ್ಲಿ ಓದಿ ಹೇಳಿದರು. ಒಳ್ಳೆಯದನ್ನು ಬರೆದಾಗ ಹೆಂಡತಿಗೆ ಓದಿಹೇಳುವುದು ರೂಢಿ. ರತ್ನಕ್ಕ ಪೂರ್ತಿ ಕೇಳಿ, ಕಾಡಿಗೆಯ ಬೆರಳನ್ನು ಸೆರಗಿಗೆ ತಾಗದಂತೆ ಹಿಡಿದುಕೊಂಡು, "ಭಾಳ ಛಲೋ ಅದ. ಇಷ್ಟ್ ಹೊಗಳಿದ್ರ ನದರ ಹತ್ತೂದಿಲ್ಲೇನ್ರೀ?" ಎಂದರು.

ಅವರು ನಕ್ಕರು. ವಿಜ್ಞಾನ ಓದಿದವರು ಹಾಗೆ ನಗಬೇಕೆಂಬ ನಿಯಮವಿದೆ. ಆದರೆ ಟೈಪ್‌ರೈಟರಿನ ಮುಂದೆ ಮರಳಿ ಕೂತಾಗ ಪುಟ ಮೊದಲಿನಂತೆ ಕಾಣಲಿಲ್ಲ. ಇಡೀ ಪುಟ ಬೆಳ್ಳಗೆ, ನುಣ್ಣಗೆ, ಕೆನ್ನೆಯ ಹಾಗೆ ಎದುರಿಗಿತ್ತು. ಅವರ ತಾಯಿ, ಇವರು ಶಾಲೆಯಲ್ಲಿ ಮೊದಲಿಗರಾದ ದಿನ, ಊರ ಮುಂದೆ ನನ್ನ ಮಗ ದಡ್ಡ, ಪುಣ್ಯಕ್ಕೆ ಪಾಸಾದ, ಎಂದು ಹೇಳಿಕೊಂಡು ತಿರುಗಿದ್ದು ನೆನಪಾಯಿತು. ಆ ಸುಳ್ಳು ತಮ್ಮನ್ನು ಇಲ್ಲಿಯವರೆಗೆ ಕಾಪಾಡಿಕೊಂಡು ಬಂದಿದೆ ಎಂದು ಅವರು ನಂಬುತ್ತಿದ್ದರೇ? ಕೇಳಿದ್ದರೆ ಇಲ್ಲ ಎನ್ನುತ್ತಿದ್ದರು. ತಮಗೆ ತಾವು ಹೇಳಿಕೊಂಡದ್ದು ಬೇರೆಯೇ ಕಾರಣ: ಬರೀ ಬೆಳಕಿರುವ ಚಿತ್ರಕ್ಕೆ ಆಕಾರವಿರುವುದಿಲ್ಲ, ಒಂದು ನೆರಳು ಬೇಕು, ಬರೀ ಹೊಗಳಿಕೆಯನ್ನು ಯಾರೂ ನಂಬುವುದಿಲ್ಲ. ಓದಿಕೊಂಡವರಿಗೆ ಇದೊಂದು ಅನುಕೂಲ. ಹಳೆಯ ಭಯಕ್ಕೂ ಹೊಸ ಅಂಗಿ ಹೊಲಿಸಬಲ್ಲರು.

ಈಗ ದೋಷವೊಂದನ್ನು ಹುಡುಕಬೇಕಿತ್ತು. ನಿಜವಾದ ದೋಷ ಹಾಕುವಂತಿಲ್ಲ, ಅದು ಮಚ್ಚೆಯಾಗುತ್ತದೆ. ಸೋಮಾರಿ ಎನ್ನಲಾಗದು, ಕಾಯಿಲೆಯವಳು ಎನ್ನಲಾಗದು, ಹಠಮಾರಿ ಎಂದರೆ ಅಲ್ಲಿಯವರು ಹೆದರಿಯಾರು. ದೋಷದಂತೆ ಕಾಣಬೇಕು, ದೋಷವಾಗಿರಬಾರದು. ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡಿ, ಮುಗುಳ್ನಕ್ಕು, ಕೊನೆಯ ಸಾಲನ್ನು ಕುಟ್ಟಿದರು: ಇವಳಲ್ಲಿ ದೋಷವೊಂದನ್ನು ಹುಡುಕಲೇಬೇಕೆಂದರೆ, ಇವಳದು ಮಾತು ಬಹಳ ಕಡಿಮೆ.

ಅದನ್ನು ಕೇಳಿ ರತ್ನಕ್ಕನವರಿಗೆ ಎಂಥ ನಗು ಬಂತೆಂದರೆ ಕೂಸು ಬೆಚ್ಚಿತು. "ಯಾರದು, ಆ ಹುಡುಗಿದಾ? ಮೊನ್ನಿ ಬಂದಾಕಿ ನನ್ನ ಒಗ್ಗರಣಿ ಸೀದು ಕರ್ರಗಾಗೂ ತನಕ ಮಾತಾಡ್ಯಾಳ."

"ಅದಕ್ಕೇ ಅಂತೀನಿ," ಎಂದರು ಶಿವಶರಣಪ್ಪನವರು. "ಸುಳ್ಳಂತ ಎಲ್ಲಾರಿಗೂ ಗೊತ್ತದ. ಬೊಟ್ಟು ತೊಳದ್ರ ಹೋಗ್ತದ."

ಎಲ್ಲರಿಗೂ ಎಂದರೆ ಆರ್.ಟಿ. ನಗರದಿಂದ ಬಾಗಲೂರಿನವರೆಗಿನ ಎಲ್ಲರಿಗೂ. ಆ ಹೊತ್ತಿಗೆ ಅವರ ಎಲ್ಲರೂ ಅಷ್ಟೇ ಇದ್ದರು. ಇನ್ನೊಂದು ಮಾತೂ ಇತ್ತು. ಅವರ ಊರಿನ ಕಡೆ ಹೆಣ್ಣುಮಗಳದು ಮಾತು ಕಡಿಮೆ ಎಂದರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟಿಲ್ಲ. ಅಸಿಸ್ಟೆಂಟ್ ಎಂದರೂ ಅಷ್ಟೇ, ಗುರುಗಳ ಹಿಂದೆ ಗಾಜಿನ ತಟ್ಟೆ ಹಿಡಿದು ಸದ್ದಿಲ್ಲದೆ ನಿಲ್ಲುವ ಪ್ರಾಣಿ. ಎರಡೂ ಕಡೆಯಿಂದ ಲಾಭವೇ ಎಂದು ಲೆಕ್ಕ ಹಾಕಿ, ಮೂರು ಪ್ರತಿಗೂ ರುಜು ಹಾಕಿ, ಲಕೋಟೆಗೆ ಅಂಟು ಹಚ್ಚಿದರು. ಅವಳಿಗೆ ತೋರಿಸಲಿಲ್ಲ. ತೋರಿಸುವುದು ಪದ್ಧತಿಯೂ ಅಲ್ಲ, ಎದುರಿಗೆ ಹೊಗಳಿದಂತೆಯೂ ಆಗುತ್ತದೆ.

ಏಪ್ರಿಲಿನ ಹೊತ್ತಿಗೆ ಉತ್ತರಗಳು ಬಂದವು. ಎರಡು ಕಡೆಯವರು, ಸೀಟು ಕೊಡುತ್ತೇವೆ, ಕೆಲಸ ಕೊಡುವುದಕ್ಕಾಗುವುದಿಲ್ಲ, ಎಂದಿದ್ದರು. ಮೂರನೆಯದು ಜೋಳ ಬೆಳೆಯುವ ಯಾವುದೋ ಬಯಲು ರಾಜ್ಯದ್ದು. ಅವರು ಮೊದಲು, ನಿಮ್ಮ ಹೆಸರು ಪರಿಶೀಲನೆಯಲ್ಲಿದೆ, ಎಂದು ಬರೆದು, ಆಸೆ ಹುಟ್ಟಿಸಿ, ಮೇ ತಿಂಗಳಲ್ಲಿ ವಿಷಾದಿಸಿದರು. ಆ ವಿಷಾದವನ್ನು ಅವರು ಅಚ್ಚು ಹಾಕಿಸಿಯೇ ಇಟ್ಟಿದ್ದರು. ಹೆಸರಿನ ಜಾಗ ಮಾತ್ರ ಖಾಲಿ ಬಿಟ್ಟು, ಆಮೇಲೆ ತುಂಬಿದ್ದು ಕಾಣುತ್ತಿತ್ತು. ಕಾರಣ ಹೇಳುವ ಪದ್ಧತಿ ಅವರಲ್ಲಿಲ್ಲ. ದ್ರೌಪದಮ್ಮ ಅದನ್ನು ಹಿಡಿದು ಸ್ಟಾಫ್ ರೂಮಿನ ಕಿಟಕಿಗೆ ಬಂದಳು. ಆ ದಿನವೂ ಒಂದು ಪ್ರಶ್ನೆಯಿತ್ತು.

"ನಾನೇನು ತಪ್ಪು ಮಾಡ್ದೆ ಸಾ?"

ಅವರು, ತಪ್ಪಿನ ಮಾತಲ್ಲ, ಈ ಸಲ ಅವರ ಹತ್ತಿರ ಹಣವಿಲ್ಲವಂತೆ, ಎಂದು ತೋಚಿದ್ದು ಹೇಳಿದರು. ಅವಳು ಇನ್ನೊಂದೇ ಒಂದು ಎನ್ನಲಿಲ್ಲ. ಮುನಿಯಲ್ಲಪ್ಪ ಬಂದು, "ಓಗ್ಲಿ ಬುಡಿ ಸ್ವಾಮಿ, ಬೋ ದೂರ," ಎಂದು ಇವರನ್ನೇ ಸಮಾಧಾನ ಮಾಡಿ, ಶ್ರಾವಣದಲ್ಲಿ ಮಗಳ ಮದುವೆಯ ಲಗ್ನಪತ್ರಿಕೆ ಕೊಟ್ಟು ಹೋದ. ಗಂಡು ಯಶವಂತಪುರದವನು, ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಒಳ್ಳೆಯವನು, ಸಂಜೆ ಬಂದರೆ ರೇಡಿಯೊ ಕೇಳುವವನು. ಅದು ಹಾಡುವಾಗ ಮನೆಯಲ್ಲಿ ಯಾರೂ ಮಾತಾಡಕೂಡದು. ಓದಿದ ಹುಡುಗಿ ಮನೆಯಲ್ಲಿ ಕೂರುವುದೇಕೆಂದು ಅವನೇ ಒತ್ತಾಯಿಸಿ ಅವಳನ್ನು ಹೆಬ್ಬಾಳದಲ್ಲಿದ್ದ ಬೀಜ ಪರೀಕ್ಷೆಯ ಸರ್ಕಾರಿ ಕಚೇರಿಗೆ ಸೇರಿಸಿದ. ಒದ್ದೆ ಕಾಗದದ ಮೇಲೆ ಸಾಲಾಗಿ ಬೀಜ ಇಟ್ಟು, ಮೊಳೆತವೆಷ್ಟು, ಕೊಳೆತವೆಷ್ಟು ಎಂದು ಎಣಿಸುವ ಕೆಲಸ. ನಡುವೆ ಮಾತಾಡಿದರೆ ಎಣಿಕೆ ತಪ್ಪುತ್ತದೆ.

ಆಮೇಲಿನ ವರ್ಷಗಳಲ್ಲಿ ಶಿವಶರಣಪ್ಪನವರು ಅವಳನ್ನು ಹೆಬ್ಬಾಳದ ಸ್ಟಾಪಿನಲ್ಲಿ ಆಗೀಗ ಕಾಣುತ್ತಿದ್ದರು. ಮೊದಮೊದಲು ಬಂದು ಮಾತಾಡಿಸುತ್ತಿದ್ದಳು. ಆಮೇಲೆ ಅಲ್ಲಿಂದಲೇ ನಮಸ್ಕಾರ ಸಾ ಎನ್ನುತ್ತಿದ್ದಳು. ಆಮೇಲೆ ತಲೆಯಾಡಿಸುತ್ತಿದ್ದಳು. ವಯಸ್ಸು ಎಂದುಕೊಂಡರು. ಪತ್ರದ ವಿಷಯದಲ್ಲಿ ಮಾತ್ರ ಅವರಿಗೆ ಯಾವ ಅನುಮಾನವೂ ಬರಲಿಲ್ಲ. ಬದಲಿಗೆ, ತಾವು ಬರೆದವುಗಳಲ್ಲೆಲ್ಲ ಅದೇ ಶ್ರೇಷ್ಠವೆಂದು ಅದರ ಕಾರ್ಬನ್ ಪ್ರತಿಯನ್ನು ಕಿರಿಯ ಲೆಕ್ಚರರಿಗೆಲ್ಲ ಮಾದರಿಯೆಂದು ಓದಲು ಕೊಡುತ್ತಿದ್ದರು. ಕೊನೆಯ ಸಾಲಿನ ಸೊಗಸು ಎಲ್ಲರಿಗೂ ಹಿಡಿಸಿತು. ಒಂದೆರಡು ವರ್ಷ ಆ ಕಾಲೇಜಿನಿಂದ ಹೋದ ವಿದ್ಯಾರ್ಥಿಗಳೆಲ್ಲ, ಚರ್ಚಾಕೂಟದ ಕಾರ್ಯದರ್ಶಿಯನ್ನೂ ಸೇರಿಸಿ, ಕಾಗದದ ಮೇಲೆ ಮಿತಭಾಷಿಗಳಾಗಿದ್ದರು.

ಎಂಬತ್ತನಾಲ್ಕರ ಡಿಸೆಂಬರಿನಲ್ಲಿ ಚನ್ನಪ್ಪ ಬಂದ. ಶಿವಶರಣಪ್ಪನವರ ಜೊತೆ ಕಲಬುರ್ಗಿಯ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವನು. ಬಹಳ ಹಿಂದೆಯೇ ಅಮೆರಿಕಕ್ಕೆ ಹೋಗಿ, ಆ ಜೋಳದ ರಾಜ್ಯದ ವಿಶ್ವವಿದ್ಯಾಲಯದಲ್ಲೇ ಪ್ರೊಫೆಸರನಾಗಿದ್ದವನು. ಹನ್ನೊಂದು ವರ್ಷದ ಮೇಲೆ ಊರಿಗೆ ಬಂದವನಿಗೆ ರತ್ನಕ್ಕ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಜೋಳದ ನಾಡಿನಿಂದ ಬಂದು ಜೋಳಕ್ಕೆ ಇಷ್ಟು ಹಸಿದವನನ್ನು ಅವರು ಕಂಡಿರಲಿಲ್ಲ. ನಾಲ್ಕನೆಯ ರೊಟ್ಟಿಯ ಮೇಲೆ ಅವನು ಗೆಳೆಯನ ಪತ್ರಗಳನ್ನು ಕೊಂಡಾಡತೊಡಗಿದ. ಬೇರೆಯವರು ಕಳಿಸಿದ್ದನ್ನು ನಮ್ಮ ಕಮಿಟಿಯವರು ಕಣ್ಣಾಡಿಸಿ ಬದಿಗಿಡುತ್ತಾರೆ, ನಿನ್ನದಾದರೆ ಅಕ್ಷರಕ್ಷರ ನಂಬುತ್ತಾರೆ ಎಂದ. ಶಿವಶರಣಪ್ಪನವರು, ಇನ್ನೊಂದು ರೊಟ್ಟಿ ಹಾಕಿಸಿಕೋ, ಎಂದು ವಿನಯವನ್ನು ರೊಟ್ಟಿಯ ಕಡೆ ತಿರುಗಿಸಿದರು.

"ಒಬ್ಬಾಕಿ ಇದ್ಲಲ್ಲೋ, ದ್ರಾಕ್ಷಿ ಬೂಜಿನಾಕಿ," ಎಂದ ಚನ್ನಪ್ಪ. "ಏನ್ ಪತ್ರ ಬರದಿದ್ದಿ ಮಾರಾಯ. ಆಕಿದು ಇನ್ನೂ ನೆನಪದ ನನಗ. ಲಿಸ್ಟಿನಾಗ ಮ್ಯಾಲ ಇದ್ದಾಕಿ."

"ಮ್ಯಾಲ ಇದ್ರ ಯಾಕ ತಗೊಳ್ಳಿಲ್ಲ?"

"ಆ ವರ್ಷ ಉಳದಿದ್ದು ಒಂದೇ ಪೋಸ್ಟು, ಪಾಠ ಮಾಡೂದು. ಹೊಲದ ಮ್ಯಾಲಿಂದ ಎದ್ದು ಬಂದ ಎತ್ತಿನಂಥ ಹುಡುಗ್ರು, ಬಾಯಿ ಇಲ್ಲದಾಕಿನ್ನ ಅವರ ಮುಂದ ಹ್ಯಾಂಗ ನಿಲ್ಲಸೂದು? ನಾ ಜಗಳಾಡಿದೆ. ಹುಡುಗಿ ಇಲ್ಲಿ ಬಂದ್ರ ತಾನಾಗೇ ಮಾತಾಡ್ತಾಳ ಅಂದೆ. ಅವರಂದ್ರು, ಇಷ್ಟು ಹೊಗಳಿದ ಗುರುವೇ ಇದನ್ನೊಂದು ಮುಚ್ಚಿಡಲಿಲ್ಲ ಅಂದ್ರ, ಅದು ಎಷ್ಟು ದೊಡ್ಡ ಕೊರತಿ ಇರಬೇಕು."

ಅಡುಗೆಮನೆಯ ಬಾಗಿಲಲ್ಲಿ ರತ್ನಕ್ಕ ರೊಟ್ಟಿ ಹಿಡಿದು ನಿಂತಿದ್ದರು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಶಿವಶರಣಪ್ಪನವರು ಮಜ್ಜಿಗೆ ಕೇಳಿದರು. ಚನ್ನಪ್ಪ ತನ್ನ ಮಾತಿನಲ್ಲಿ ಮುಂದಕ್ಕೆ, ಅಲ್ಲಿಯ ಹಿಮ, ತೆರಿಗೆ, ಮಕ್ಕಳ ಕನ್ನಡ, ಇತ್ಯಾದಿಗಳಿಗೆ ಹೋದ. ಅವನಿಗೆ ತಾನು ಏನು ಹೇಳಿದೆನೆಂದು ಗೊತ್ತಾಗಲೂ ಇಲ್ಲ, ಇವರು ಹೇಳಲೂ ಇಲ್ಲ.

ಅವನು ಹೋದ ಮೇಲೆ ಶಿವಶರಣಪ್ಪನವರು ಕಾರ್ಬನ್ ಪ್ರತಿ ತೆಗೆದು ಓದಿದರು. ವಾಕ್ಯ ಈಗಲೂ ಚೆನ್ನಾಗಿತ್ತು. ಅದೇ ತೊಂದರೆ, ಕೆಟ್ಟದಾಗಿ ಬರೆದಿದ್ದರೆ ಯಾರೂ ನಂಬುತ್ತಿರಲಿಲ್ಲ. ಸ್ಕೂಟರಿನ ಸೀಟಿನ ಮೇಲೆ ರುಜು ಹಾಕಿದವರ ವಿದ್ಯಾರ್ಥಿಗಳೆಲ್ಲ ಅಲ್ಲಿ ಹೋಗಿ ಪಾಠ ಮಾಡುತ್ತಿದ್ದಾರೆ ಎಂಬುದೂ ನೆನಪಾಯಿತು. ಆ ಗುರುಗಳು ತಮ್ಮ ಶಿಷ್ಯರನ್ನು ಸರಿಯಾಗಿ ನೋಡಿರಲೂ ಇಲ್ಲ. ತಾವು ನೋಡಿದ್ದರು. ಪ್ರೀತಿಯಿಂದ ನೋಡಿ, ಆ ಪ್ರೀತಿಗೇ ಹೆದರಿ, ಅವಳ ಬಾಯಿಗೆ ಮಸಿ ಇಟ್ಟಿದ್ದರು. ರತ್ನಕ್ಕ ಬಂದು ಪಕ್ಕದಲ್ಲಿ ನಿಂತು, ತಾನು ತಮಾಷೆಗೆ ಅಂದದ್ದು ಎಂದರು. ಅವರು, ನಿನ್ನದೇನಿಲ್ಲ, ಎಂದರು. ಅದು ನಿಜವೂ ಆಗಿತ್ತು.

ಹೇಳಬೇಕೋ ಬೇಡವೋ ಎಂದು ಸಂಕ್ರಾಂತಿಯ ತನಕ ಒದ್ದಾಡಿದರು. ಹೇಳಿದರೆ ಅವಳಿಗೆ ಈಗ ಏನು ಸಿಕ್ಕೀತು? ಸುಮ್ಮನಿದ್ದರೆ ತಮಗೇನು ಸಿಕ್ಕೀತೆಂಬುದು ಮಾತ್ರ ಸ್ಪಷ್ಟವಿತ್ತು: ಆ ಸ್ಟಾಪಿನಲ್ಲಿ ಪ್ರತಿಸಲವೂ ತಲೆಯಾಡಿಸಿದ ಒಂದು ನಮಸ್ಕಾರ. ಕೊನೆಗೆ ಒಂದು ಸಂಜೆ ಕಚೇರಿ ಬಿಡುವ ಹೊತ್ತಿಗೆ ಹೋಗಿ ನಿಂತರು. ಕೆರೆಯ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತಿತ್ತು. ಪಕ್ಕದಲ್ಲಿ ಅಂಜಿನಮ್ಮ ಎಂಬ ಹೆಂಗಸು ಗೋಣಿಚೀಲ ಹಾಸಿ ಅವರೆಕಾಯಿ ಸುರಿದು, ಸೊನೆ ನೋಡಿ ಸಾಮಿ, ಸೊನೆ, ಎಂದು ಸಿಪ್ಪೆಯ ಘಮದ ಅಂಟು ತೋರಿಸಿ ಕರೆಯುತ್ತಿದ್ದಳು. ದ್ರೌಪದಮ್ಮ ಬಂದು, ಇವರನ್ನು ಕಂಡು ತಲೆಯಾಡಿಸಿ, ಒಂದು ಸೇರು ಅವರೆಕಾಯಿ ಹಾಕಿಸಿಕೊಂಡಳು. ಬೆಲೆ ಕೇಳಲಿಲ್ಲ, ಚೌಕಾಸಿ ಮಾಡಲಿಲ್ಲ. ಅಂಜಿನಮ್ಮನಿಗೇ ಬೇಸರವಾಗಿ ಒಂದು ಹಿಡಿ ಹೆಚ್ಚಿಗೆ ಹಾಕಿದಳು.

ಶಿವಶರಣಪ್ಪನವರು ಹೇಳಿದರು. ಪೀಠಿಕೆಯಿಲ್ಲದೆ, ನಿಂತ ನಿಲುವಿನಲ್ಲಿ, ಜೀವನದಲ್ಲಿ ಮೊದಲ ಬಾರಿಗೆ ವಾಕ್ಯಗಳನ್ನು ಎತ್ತಿ ನೋಡದೆ. ಪತ್ರದ ಕೊನೆಗೆ ಏನು ಬರೆದೆ, ಅಲ್ಲಿಯವರು ಅದನ್ನು ಹೇಗೆ ಓದಿದರು, ಯಾರು ಹೇಳಿದರು. ಅವಳು ಚೀಲದ ಬಾಯಿ ಸುತ್ತುತ್ತ ಕೇಳಿಸಿಕೊಂಡಳು.

"ಮಾತು ಕಮ್ಮಿ ಅಂತಾನಾ?" ಎಂದಳು. "ನಂದಾ?"

"ಹೌದವ್ವಾ."

"ಯಾಕ್ ಸಾ?"

ಬೆಳಕು ನೆರಳಿನ ಕಾರಣ ಬಾಯಿಗೆ ಬಂತು. ಅದನ್ನು ನುಂಗಿದರು. "ನದರ ಆಗಬಾರದಂತ," ಎಂದರು.

ಅವಳು ಸಿಟ್ಟಾಗಬಹುದೆಂದು, ಅಳಬಹುದೆಂದು, ನಗಬಹುದೆಂದು ಅವರು ತಯಾರಾಗಿ ಬಂದಿದ್ದರು. ಅರ್ಥವಾಗಬಹುದೆಂದು ಮಾತ್ರ ಅಂದುಕೊಂಡಿರಲಿಲ್ಲ. ಅವಳು ತಲೆಯಾಡಿಸಿದಳು. "ನಮ್ಮಪ್ಪ ತೋಟಕ್ಕೆ ಮಡಕೆ ಕಟ್ತಿದ್ರಲ್ಲ, ಅಂಗೆ," ಎಂದಳು. ಆ ಅಂಗೆಯಲ್ಲಿ ಆಪಾದನೆಯಿರಲಿಲ್ಲ. ಇದ್ದಿದ್ದರೆ ಅವರಿಗೆ ನಿಲ್ಲುವುದು ಸುಲಭವಾಗುತ್ತಿತ್ತು.

ಚೀಲವನ್ನು ಇನ್ನೊಂದು ಕೈಗೆ ಬದಲಿಸಿ ಕೇಳಿದಳು: "ಮಿಕ್ಕಿದ್ದು ಏನು ಬರ್ದಿದ್ರಿ?"

ಅವರು ಹೇಳಲು ಶುರುಮಾಡಿದರು. ಒಂದೊಂದು ಸಾಲೂ ನೆನಪಿತ್ತು. ಇಂಗ್ಲಿಷಿನಲ್ಲಿ ಬರೆದದ್ದನ್ನು ಆಳಂದದ ಕನ್ನಡಕ್ಕೆ ತಿರುಗಿಸುತ್ತ, ಲಾರಿಗಳ ಸದ್ದಿನ ಮೇಲೆ ದನಿ ಎತ್ತರಿಸಿ, ಎಲ್ಲರೂ ನೋಡಿದ್ದರಲ್ಲಿ ಯಾರೂ ಕಾಣದ್ದನ್ನು ಕಾಣುವ ಕಣ್ಣಿನ ಬಗ್ಗೆ ಹೇಳಿದರು. ತನ್ನ ತಪ್ಪು ಸಿಕ್ಕಾಗ ಸಂತೋಷಪಡುವ ಗುಣದ ಬಗ್ಗೆ ಹೇಳಿದರು. ಬಾಗಲೂರಿನ ಆ ಮಧ್ಯಾಹ್ನ ಪತ್ರದಲ್ಲಿ ಇರಲಿಲ್ಲ, ಇರಬೇಕಿತ್ತು, ಅದನ್ನೂ ಸೇರಿಸಿದರು. ಅವಳ ಪ್ರಶ್ನೆಗಳು ತಮಗೆ ಕಲಿಸಿದ್ದರ ಬಗ್ಗೆಯೂ ಹೇಳಿದರು. ಅವರೆಕಾಯಿಯ ಅಂಜಿನಮ್ಮ, ಈ ಮುದುಕ ನಡುರಸ್ತೆಯಲ್ಲಿ ಯಾರನ್ನು ಹೀಗೆ ಹೊಗಳುತ್ತಿದ್ದಾನೆಂದು ಬಾಯಿ ತೆರೆದು ನೋಡುತ್ತಿದ್ದಳು. ದೃಷ್ಟಿಯಾಗಬೇಕೆಂದಿದ್ದರೆ ಆವತ್ತು ಆಗಬೇಕಿತ್ತು. ಆದರೆ ತಾಕುವುದಕ್ಕೆ ಏನೂ ಉಳಿದಿರಲಿಲ್ಲ.

ಕೊನೆಯ ಸಾಲಿನ ಹತ್ತಿರ ಬಂದು ನಿಲ್ಲಿಸಿದರು. ದ್ರೌಪದಮ್ಮ ಅಷ್ಟು ಹೊತ್ತೂ ರಸ್ತೆಯ ಆಚೆ ಎಲ್ಲೋ ನೋಡುತ್ತಿದ್ದಳು. ಈಗ ಅವರ ಕಡೆ ತಿರುಗಿದಳು. ತುಟಿ ಒಂದು ಸಲ ಅಲುಗಿತು. ಇನ್ನೊಂದೇ ಒಂದು ಸಾ, ಎನ್ನುತ್ತಾಳೆ ಎಂದು ಅವರಿಗೆ ಅನಿಸಿತು, ಅನ್ನಲಿ ಎಂದು ದೇವರನ್ನು ಬೇಡಿಕೊಂಡರು. ಯಶವಂತಪುರದ ಬಸ್ಸು ಬಂತು. ಕಂಡಕ್ಟರು, ಬೇಗ ಬಸ್ ಅತ್ತಮ್ಮ, ಎಂದ. ಅವಳು ಚೀಲವನ್ನು ಎದೆಗೊತ್ತಿಕೊಂಡು ಹತ್ತಿ, ಕಿಟಕಿಯ ಪಕ್ಕ ಕೂತು, ಇವರ ಕಡೆ ತಲೆಯಾಡಿಸಿದಳು.

ಬಸ್ಸು ಹೋದ ಮೇಲೂ ಶಿವಶರಣಪ್ಪನವರು ಅಲ್ಲೇ ನಿಂತಿದ್ದರು. ಅಂಜಿನಮ್ಮ ತಡೆಯಲಾರದೆ ಕೇಳಿದಳು, "ಆಯಮ್ಮ ಯಾರು ಸಾಮಿ? ದಿನಾ ಬತ್ತದೆ, ಒಂದ್ ಮಾತಾಡಾಕಿಲ್ಲ."

ಅಲ್ಲ, ಹಾಗಲ್ಲ, ಎಂದು ಹೇಳಲು ಅವರು ಬಾಯಿ ತೆರೆದರು. ಆಮೇಲೆ ಒಂದು ಸೇರು ಅವರೆಕಾಯಿ ಹಾಕಲು ಹೇಳಿದರು.